ಸೊನ್ನೆಯಿಂದ ಚಾರ್ಜ್

ನನ್ನ ಕೆಲಸವೇನೆಂದು ಯಾರಾದರೂ ಕೇಳಿದರೆ ಹೇಳಲು ನನಗೇ ನಗು ಬರುತ್ತದೆ: ಫೋನನ್ನು ಚಾರ್ಜಿಗೆ ಹಾಕುವುದು! ಒಂದೆರಡಲ್ಲ, ನಮ್ಮ ಕಂಪನಿಯ ಫೋನಿಗೆ ಬೇರೆ ಕಂಪನಿಗಳ ನಲವತ್ತು ಚಾರ್ಜರು. ಎಲ್ಲದಕ್ಕೂ ಅದೇ ಟೈಪ್-ಸಿ ಪಿನ್ನು. ಆದರೆ ಪಿನ್ನು ಕೂತರೆ ಸಾಕೇ? ಯಾವುದು ಎಷ್ಟು ಕರೆಂಟು ಕೊಡುತ್ತದೆ, ಯಾವುದು ಕೈ ಸುಡುತ್ತದೆ ಎಂದು ಮೀಟರಿನಲ್ಲಿ ನೋಡಿ, ಕೊನೆಗೆ 'ಹೊಂದುತ್ತದೆ' ಎಂದು ಸಹಿ ಹಾಕುವವಳು ನಾನು.

ಅದೇ ಫೋನೊಂದನ್ನು ಚಿಕ್ಕಮ್ಮನಿಗೂ ಕೊಡಿಸಿದ್ದೆ. ಚಿಕ್ಕಪ್ಪ ತೀರಿಕೊಂಡ ಮೇಲೆ ಅವಳು ನಮ್ಮ ಜೊತೆಗೇ ಇದ್ದಾಳೆ. ಕಿವಿ ಪೂರ್ತಿ ಹೋಗಿದೆ, ತುಟಿ ನೋಡಿ ಮಾತು ತಿಳಿಯುವುದೂ ಬಾರದು. ಎದುರಿನವರು ಆಡಿದ್ದನ್ನು ಫೋನು ಅಕ್ಷರ ಮಾಡಿ ತೋರಿಸುತ್ತದೆ. ಅದು ಕೈಗೆ ಬಂದದ್ದೇ ತಡ, ಅಂಗಡಿಗೆ, ಆಸ್ಪತ್ರೆಗೆ ಒಬ್ಬಳೇ ಹೊರಟಳು. ಬಸ್ಸಿನಲ್ಲಿ ಗಂಡ ಹೆಂಡತಿ ಜಗಳವಾಡಿದ್ದನ್ನೂ ಓದಿಕೊಂಡು ಬಂದು ನಮಗೆ ವರದಿ ಒಪ್ಪಿಸುತ್ತಿದ್ದಳು!

ಒಂದು ಸೋಮವಾರ, ಚಿಕ್ಕಮ್ಮ ಟಾರ್ಚ್ ಆರಿಸಲು ಮರೆತು, ಫೋನು ಪೂರ್ತಿ ಸತ್ತುಹೋಯಿತು. ನಾನೇ ಪರೀಕ್ಷಿಸಿ ತಂದುಕೊಟ್ಟಿದ್ದ, ಬೇರೆ ಕಂಪನಿಯ ಬಿಳಿ ಚಾರ್ಜರನ್ನು ಇಡೀ ದಿನ ಸಿಕ್ಕಿಸಿಟ್ಟರೂ ಅದು ಕಣ್ಣು ಬಿಡಲಿಲ್ಲ. ಸಂಜೆ ಸುಸ್ತಾಗಿ ಬಂದ ನನಗೆ ತಲೆ ಕೆಟ್ಟಿತು.

"ನೀರಲ್ಲಿ ಗೀರಲ್ಲಿ ಬೀಳಿಸಿದ್ಯಾ? ಚಾರ್ಜರ್ ಸರಿಯಾಗೇ ಇದೆ, ನಾನೇ ನೋಡಿದ್ದೀನಿ. ಬಳಸೋಕೆ ಬರ್ದೇ ಇದ್ರೆ ನಿನಗ್ಯಾಕೆ ಬೇಕಿತ್ತು ಇದೆಲ್ಲ?" ಎಂದು ಹರಿಹಾಯ್ದೆ.

ಚಿಕ್ಕಮ್ಮ ನನ್ನ ಮುಖವನ್ನೇ ನೋಡಿ ಎದ್ದು ಹೋದಳು. ಬೆಳಿಗ್ಗೆ ಫೋನನ್ನು ಅದರ ಡಬ್ಬಿಗೇ ಹಾಕಿ ನನ್ನ ಕೈಗಿಟ್ಟಳು. "ವಾಪಸ್ ಕೊಟ್ಬಿಡು ಪುಟ್ಟಿ. ನನಗಿನ್ನು ಬೇಡ." ಅಂದು ಆಸ್ಪತ್ರೆಗೆ ಹೋಗಬೇಕಿದ್ದವಳು ಹೋಗಲೂ ಇಲ್ಲ.

ಆಫೀಸಿನಲ್ಲಿ ಫೋನು ಬಿಚ್ಚಿ ನೋಡಿದರೆ ಒಳಗೆ ಒಂದು ಹನಿ ನೀರಿಲ್ಲ. ನಮ್ಮದೇ ಚಾರ್ಜರ್ ಹಾಕಿದೆ, ಎದ್ದು ಕೂತಿತು. ಮತ್ತೆ ಸೊನ್ನೆಗಿಳಿಸಿ ಬಿಳಿಯದನ್ನು ಹಾಕಿದೆ. ಮೀಟರಿನ ಅಂಕಿ ಅಲುಗಾಡಲಿಲ್ಲ.

ಎಷ್ಟು ಕರೆಂಟು ಬೇಕೆಂದು ಫೋನು ಕೇಳಬೇಕು, ಆಮೇಲೆ ಚಾರ್ಜರ್ ಕೊಡಬೇಕು. ಪೂರ್ತಿ ಸತ್ತ ಈ ಫೋನಿಗೆ ಕೇಳುವ ಶಕ್ತಿಯಿಲ್ಲ. ನಮ್ಮ ಚಾರ್ಜರ್ ಕೇಳದೆಯೂ ಒಂದಿಷ್ಟು ಕೊಡುತ್ತದೆ; ಕೇಳದೆ ಕೊಡುವ ಜಾಯಮಾನ ಆ ಬಿಳಿ ಚಾರ್ಜರಿನದಲ್ಲ. ನಾನು ಪ್ರತಿ ಸಲವೂ ಇಪ್ಪತ್ತು ಪರ್ಸೆಂಟಿನಿಂದಲೇ ಪರೀಕ್ಷೆ ಶುರುಮಾಡುತ್ತಿದ್ದೆ. ಒಂದೊಂದನ್ನೂ ಸೊನ್ನೆಗಿಳಿಸುತ್ತ ಕೂರಲು ಯಾರಿಗಿದೆ ಪುರಸೊತ್ತು? ಸೋಮಾರಿತನ ನನ್ನದು, ಬೈಸಿಕೊಂಡವಳು ಚಿಕ್ಕಮ್ಮ.

ಸೀದಾ ಮ್ಯಾನೇಜರ್ ಹತ್ತಿರ ಹೋದೆ. "ಸರ್, ನಲವತ್ತನ್ನೂ ಸೊನ್ನೆಯಿಂದ ಮತ್ತೆ ನೋಡ್ಬೇಕು. ನನ್ನ ಸಹಿ ಹೊಡೆದುಹಾಕಿ."

ಅವರು ಹಣೆ ಚಚ್ಚಿಕೊಂಡರು. "ಅಯ್ಯೋ, ಫೋನನ್ನ ಅಷ್ಟು ಸಾಯೋಕೆ ಯಾರಮ್ಮ ಬಿಡ್ತಾರೆ?"

"ನಮ್ಮ ಚಿಕ್ಕಮ್ಮ, ಸರ್."

ಬೈದುಕೊಂಡೇ ಒಪ್ಪಿದರು.

ಸಂಜೆ ಫೋನು ಆನ್ ಮಾಡಿ ಚಿಕ್ಕಮ್ಮನ ಮುಂದೆ ಹಿಡಿದೆ. ಅವಳು ಮುಟ್ಟಲಿಲ್ಲ. ಅವಳ ಮಡಿಲಲ್ಲೇ ಇಟ್ಟು, ನೆಲದ ಮೇಲೆ ಕೂತು ಹೇಳಿದೆ, "ತಪ್ಪು ನಿಂದಲ್ಲ ಚಿಕ್ಕಮ್ಮಾ. ನಾನೇ ಸರಿಯಾಗಿ ನೋಡ್ದೆ ಸಹಿ ಹಾಕಿದ್ದೆ. ಸುಮ್‌ಸುಮ್ನೆ ನಿನ್ನ ಮೇಲೆ ಹಾರಾಡ್ದೆ. ನನ್ನದು ತಪ್ಪಾಯ್ತು."

ಅವಳು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದಳು. ಆಮೇಲೆ ಮೆಲ್ಲಗೆ ಕೇಳಿದಳು, "ನಿನ್ನೆ ಏನಂದೆ ನೀನು? ಫೋನ್ ಸತ್ತಿತ್ತಲ್ಲ, ಓದೋಕಾಗ್ಲಿಲ್ಲ. ನಿನ್ನ ಮುಖ ಅಷ್ಟೇ ಕಾಣಿಸ್ತು."

ನನಗೆ ಸುಳ್ಳು ಹೇಳಲು ಬಾಯಿ ಬರಲಿಲ್ಲ. "ನಿನಗ್ಯಾಕೆ ಬೇಕಿತ್ತು ಇದೆಲ್ಲ ಅಂದೆ."

ಚಿಕ್ಕಮ್ಮ ಪರದೆ ನೋಡಿದಳು. ಮುಖ ಸಡಿಲಾಯಿತು, ಕಣ್ಣು ತುಂಬಿತು.

"ಅಷ್ಟೇನಾ?" ಎಂದಳು. "ಮನೆ ಬಿಟ್ಟು ಹೋಗು ಅಂದ್ಯೇನೋ ಅಂದ್ಕೊಂಡಿದ್ದೆ, ಪುಟ್ಟಿ."