ಲಿಂಗ ಕೇಳದ ಮುದುಕಿ

ತಪ್ಪು ನನ್ನದೇ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಶನಿವಾರಸಂತೆಯ ಸುತ್ತ ಹತ್ತು ಹಳ್ಳಿಯಲ್ಲಿ ರುದ್ರಮ್ಮ ಅಂದರೆ ಬಾಯಿಜೋರು ಅನ್ನುತ್ತಾರೆ. ಅನ್ನಲಿ, ಸುಳ್ಳೇನಲ್ಲ.

ನಮ್ಮಲ್ಲಿ ಮಗು ಹುಟ್ಟಿದ ಕೆಲವೇ ದಿನಗಳಲ್ಲಿ ಊರಿನ ಅಯ್ಯನವರು ಬಂದು ಅದಕ್ಕೆ ಲಿಂಗ ಕಟ್ಟುತ್ತಾರೆ. ಸೊಸೆ ಅಮೃತಾ ಹೆತ್ತಾಗಲೂ ಪಾಪ, ತಾವಾಗಿಯೇ ಬಂದಿದ್ದರು. ಬಾಗಿಲಲ್ಲೇ ತಡೆದವಳು ನಾನು. "ನಮ್ಮನೆ ಮೊದಲ್ನೇ ಮೊಮ್ಮಗಳು. ಮಠದ ಸ್ವಾಮಿಗಳೇ ಬಂದು ಕಟ್ಲಿ, ನೀವು ಹೋಗ್ಬನ್ನಿ" ಎಂದೆ. ಜಂಬ, ಇನ್ನೇನು! ಬಾಣಂತಿ ಕೋಣೆಯಲ್ಲಿದ್ದ ಅಮೃತಾಗೆ, ಅಯ್ಯನವರಿಗೆ ಪುರುಸೊತ್ತಿಲ್ಲವಂತೆ ಎಂದು ಹೇಳಿದೆ. ಸ್ವಾಮಿಗಳು ಪ್ರವಾಸದಲ್ಲಿದ್ದರು. ಹತ್ತೊಂಬತ್ತನೇ ದಿನ ಮಗುವಿಗೆ ಜ್ವರ ಬಂತು. ಆಸ್ಪತ್ರೆಯ ದಾರಿಯಲ್ಲಿ, ಜೀಪಿನಲ್ಲಿ, ನನ್ನ ಮಡಿಲಲ್ಲೇ ಹೋಯಿತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರೀತು.

ದೊಡ್ಡವರು ಸತ್ತರೆ ನಾವು ಗಣಾರಾಧನೆ ಮಾಡುತ್ತೇವೆ. ಶಿವಗಣಗಳು ಬಂದು ಜೀವವನ್ನು ಕರೆದೊಯ್ದವೆಂದು ನಂಬಿಕೆ. ಈ ಮಗುವಿನ ಕೊರಳಲ್ಲಿ ಲಿಂಗವೇ ಇರಲಿಲ್ಲ. "ಇದಕ್ಕೆ ಗಣಾರಾಧನೆ ಬರಲ್ಲ ರುದ್ರಮ್ಮ" ಎಂದು ಅಯ್ಯನವರು ತಲೆ ತಗ್ಗಿಸಿದರು. ನಾನು ಬಾಗಿಲಲ್ಲೇ ತಡೆದದ್ದನ್ನು ಯಾರ ಮುಂದೆಯೂ ಎತ್ತಲಿಲ್ಲ. ಮಗ ಕೀರ್ತಿಕುಮಾರ್ ತೋಟದ ಅಂಚಿನಲ್ಲಿ ಗುಂಡಿ ತೆಗೆದ.

ಅಮೃತಾ ಮೂರು ದಿನ ತುತ್ತು ಮುಟ್ಟಲಿಲ್ಲ. ನಾಲ್ಕನೇ ದಿನ ಬಾಯಿ ಬಿಟ್ಟಳು.

"ಅತ್ತೆ, ಗಣಗಳು ಬರ್ಲಿಲ್ವಲ್ಲ. ನನ್ ಮಗೀನ ಯಾರ್ ಕರ್ಕಂಡೋದ್ರು? ಅಷ್ಟ್ ದೂರ ಒಂದೇ ಹೆಂಗ್ ಹೋಯ್ತದೆ? ಇನ್ನೂ ಕತ್ತೇ ನಿಂತಿರ್ಲಿಲ್ಲ."

ಆಗಲೇ ನಿಜ ಹೇಳಬೇಕಿತ್ತು. ಹೆದರಿದೆ.

"ಗಣಗಳಲ್ಲಿ ಒಬ್ಳು ಮುದುಕಿ ಅವ್ಳೆ ಕಣೆ. ಅವ್ಳು ಲಿಂಗ ಕೇಳಲ್ಲ. ಎಳೇ ಮಕ್ಳಿಗೆ ಅವ್ಳೇ ಬರೋದು. ನಮ್ಮಜ್ಜಿ ಹೇಳ್ತಿದ್ಲು."

ನಮ್ಮಜ್ಜಿ ಜನ್ಮದಲ್ಲಿ ಅಂಥದ್ದು ಹೇಳಿದವಳಲ್ಲ.

"ಕಂಬ್ಳಿ ತಂದಿದ್ಲಾ ಅತ್ತೆ? ಚಳಿ ಇತ್ತಲ್ಲ."

"ತರ್ದೆ ಇರ್ತಾಳಾ? ಸುಮ್ನಿರು."

ಅವತ್ತು ಅರ್ಧ ಬಟ್ಟಲು ಗಂಜಿ ಕುಡಿದಳು. ಆಮೇಲೆ ಆ ಮುದುಕಿಯ ವಿಷಯ ನಾನು ಎತ್ತಲಿಲ್ಲ.

ಹೋದ ವಾರ ಪಕ್ಕದ ಬೀದಿಯ ಕಾಂತಮ್ಮನ ಮಗಳು ಕುಸುಮಾಳ ಕೂಸು ಹುಟ್ಟಿದ ಎರಡನೇ ದಿನವೇ ಹೋಯಿತು. ಅದಕ್ಕೂ ಲಿಂಗ ಆಗಿರಲಿಲ್ಲ. "ಬನ್ನಿ ಅತ್ತೆ" ಎಂದು ಅಮೃತಾ ನನ್ನನ್ನು ಎಬ್ಬಿಸಿಕೊಂಡು ಹೋದಳು. ಕುಸುಮಾಳ ಕೈ ಹಿಡಿದು ಕೂತು, ಮುದುಕಿಯ ಕಥೆ ಹೇಳತೊಡಗಿದಳು.

"ಮೆಲ್ಲುಕ್ ನಡೀತಾಳೆ ಕಣೆ, ಮಗೀಗೆ ಎಚ್ರ ಆಗ್ಬಾರ್ದು ಅಂತ. ಕತ್ತಿನ್ ಕೆಳ್ಗೆ ಕೈ ಕೊಟ್ಟೇ ಎತ್ಕಳದು."

ಇದನ್ನು ನಾನು ಹೇಳಿರಲಿಲ್ಲ. ಕಾಂತಮ್ಮ ಸೆರಗಿನಿಂದ ಮೂಗೊರೆಸಿಕೊಂಡು, "ಹೂಂ, ನಮ್ಮವ್ವನೂ ಹೇಳ್ತಿದ್ಲು" ಎಂದಳು. ನಾನು ದಂಗಾದೆ.

ಕುಸುಮಾ ನನ್ನತ್ತ ತಿರುಗಿದಳು. "ನಿಜವಾ ದೊಡ್ಡವ್ವ?"

ಅಮೃತಾಳೂ ನನ್ನನ್ನೇ ನೋಡುತ್ತಿದ್ದಳು. ಅಯ್ಯನವರನ್ನು ಹಿಂದಕ್ಕೆ ಕಳಿಸಿದ ಪಾಪಿ ನಾನು, ಮುದುಕಿಯೂ ಇಲ್ಲ ಗಿದುಕಿಯೂ ಇಲ್ಲ ಎಂದು ಕೂಗಬೇಕೆನಿಸಿತು. ಕೂಗಿದರೆ ಎರಡು ಮಕ್ಕಳೂ ಅಲ್ಲೇ, ದಾರಿಯಲ್ಲಿ ದಿಕ್ಕಿಲ್ಲದೆ ಬಿದ್ದಿರುತ್ತಿದ್ದವು.

"ನಿಜ ಕಣವ್ವ" ಎಂದೆ.

ಇಬ್ಬರೂ ತಬ್ಬಿಕೊಂಡು ಅತ್ತು ಹಗುರಾದರು. ನನ್ನ ಮೊಮ್ಮಗಳು ಒಬ್ಬಳೇ ಹೋದಳೆಂದು ಗೊತ್ತಿರುವುದು ನನಗೊಬ್ಬಳಿಗೇ.