ಎತ್ತದ ಕೈ

ಮಾದಯ್ಯ ಕೈ ಎತ್ತಿದನೆಂದರೆ ಅದು ಇಳಿಯುವಷ್ಟರಲ್ಲಿ ಯಾರದಾದರೂ ಮೂಳೆ ಮುರಿದಿರುತ್ತಿತ್ತು. ಮದ್ದೂರಿನ ಹೊರಗಿನ ಗದ್ದೆ ಬಯಲಿನಲ್ಲಿ ಇದು ಮಕ್ಕಳಿಗೂ ಗೊತ್ತು. ಎಪ್ಪತ್ತೇಳರ ಮುಂಗಾರಿನಲ್ಲಿ ತೂಬಿನ ಹತ್ತಿರ ನೀರಿನ ಸರದಿಗೆ ಜಗಳವಾಗಿ, ಪಕ್ಕದ ಗದ್ದೆಯ ಅಂಕಯ್ಯನ ಹೆಗಲಿಗೆ ಗುದ್ದಲಿ ಕಾವಿನಿಂದ ಬಾರಿಸಿದ್ದ. ಅಂಕಯ್ಯನ ಎಡಗೈ ಆಮೇಲೆ ಹೆಗಲಿನಿಂದ ಮೇಲಕ್ಕೆ ಏಳಲೇ ಇಲ್ಲ. ಮಾದಯ್ಯ ಮೂರು ತಿಂಗಳು ಒಳಗಿದ್ದು ಬಂದ. ಬಂದವನಿಂದ ತಹಶೀಲ್ದಾರರು ಮುಚ್ಚಳಿಕೆ ಬರೆಸಿಕೊಂಡರು: ಒಂದು ವರ್ಷ ಯಾರ ಮೇಲೂ ಕೈ ಮಾಡುವುದಿಲ್ಲ, ಮಾಡಿದರೆ ಮತ್ತೆ ಜೈಲು.

ಆ ಮುಚ್ಚಳಿಕೆಗಿಂತ ಮನೆಯ ಮುಚ್ಚಳಿಕೆ ಗಟ್ಟಿಯಾಗಿತ್ತು. ಅವನು ಒಳಗಿದ್ದಾಗ ಹೆಂಡತಿ ಹೊಂಬಾಳಮ್ಮ ಐದು ತಿಂಗಳ ಬಸುರಿ. ಒಬ್ಬಳೇ ನಾಟಿ ಮುಗಿಸಲು ಹೋಗಿ ಬದುವಿನ ಮೇಲೆಯೇ ಮಗುವನ್ನು ಕಳೆದುಕೊಂಡಳು. ಅದಕ್ಕೆ ಅವಳು ಅಳಲಿಲ್ಲ, ಬಯ್ಯಲೂ ಇಲ್ಲ. ಅವನು ಮನೆಗೆ ಬಂದ ದಿನ ಮುದ್ದೆ ಬಡಿಸುತ್ತ ಒಂದೇ ಮಾತು ಹೇಳಿದಳು.

"ಇನ್ನೊಂದ್ಸಲ ವಳಿಕ್ಕೋದ್ರೆ, ನೀ ಬರೋ ವತ್ಗೆ ನಾನೀ ಮನೇಲಿರಾಕಿಲ್ಲ."

ಮಾದಯ್ಯನಿಗೆ ಜೀವಮಾನದಲ್ಲಿ ಭಯ ಅಂತ ಹುಟ್ಟಿದ್ದು ಆವತ್ತೇ. ಅವಳಿಲ್ಲದ ಮನೆಯನ್ನು ಅವನಿಂದ ನೆನೆಸಿಕೊಳ್ಳಲೂ ಆಗುತ್ತಿರಲಿಲ್ಲ.

ಮುಚ್ಚಳಿಕೆ ಮುಗಿಯಲು ಒಂದು ತಿಂಗಳಿದೆ ಅನ್ನುವಾಗ ವೆಂಕಟರಾಮಯ್ಯನವರ ಕೆಲಸ ಬಂತು. ಅವರು ಯಾವುದೋ ದೊರೆಗಳ ಕ್ಲಬ್ಬಿನಲ್ಲಿ ಮ್ಯಾನೇಜರಾಗಿದ್ದು ರಿಟೈರಾಗಿ ಬಂದವರು. ಗದ್ದೆ ಬಯಲಿನ ಅಂಚಿಗೆ ಮನೆ ಕಟ್ಟಿಸಿದ್ದರು. ಕೋಲಿನಿಂದ ಚೆಂಡು ತಟ್ಟಿ ಕುಳಿಗೆ ಬೀಳಿಸುವ ಗಾಲ್ಫ್ ಆಟದ ಹುಚ್ಚು ಇನ್ನೂ ಬಿಟ್ಟಿರಲಿಲ್ಲ. ಹುಲ್ಲು ಬೆಳೆಸಿ ಕತ್ತರಿಸುವ ತಾಪತ್ರಯ ಬೇಡವೆಂದು ಮರಳಿಗೆ ಲಾರಿಗಳ ಸುಟ್ಟೆಣ್ಣೆ ಕಲೆಸಿ, ಹಲಗೆ ಎಳೆದು ನುಣ್ಣಗೆ ಮಾಡಿದ ನೆಲ ಅವರಿಗೆ ಹಿತ್ತಿಲಲ್ಲಿ ಬೇಕಾಗಿತ್ತು. ಅದಕ್ಕೆ ಬ್ರೌನು ಅಂತ ಹೆಸರಂತೆ. ಎಷ್ಟೇ ಮಳೆ ಹುಯ್ದರೂ ಅದರ ಮೇಲೆ ಒಂದು ಹನಿ ನಿಲ್ಲಬಾರದು.

ಮಾದಯ್ಯನಿಗೆ ತಮಾಷೆಯೆನಿಸಿತು. ಹುಟ್ಟಿದಾಗಿನಿಂದ ಅವನು ಕಲಿತದ್ದು ಬದು ಮೆತ್ತಿ ನೀರು ನಿಲ್ಲಿಸುವ ವಿದ್ಯೆ. ನೀರು ನಿಲ್ಲಿಸುವುದಕ್ಕಾಗಿಯೇ ಅವನು ಜನರ ಮೂಳೆ ಮುರಿದದ್ದು. ಈಗ ನೋಡಿದರೆ ನೀರು ಕಳಿಸುವುದಕ್ಕೆ ಕೂಲಿ. ಗಂಡ ಹೆಂಡತಿ ಇಬ್ಬರೂ ಸೇರಿ ಹಿತ್ತಿಲನ್ನು ಮೊಣಕಾಲಾಳ ಅಗೆದರು. ತಳವನ್ನು ಹಿಂದಿನ ಬಸಿಗಾಲುವೆಯ ಕಡೆಗೆ ಇಳಿಜಾರಾಗಿ ವಾಟ ಮಾಡಿ, ದಿಮ್ಮಸಿನಿಂದ ಬಡಿದು ಗಟ್ಟಿ ಮಾಡಿದರು. ಅದರ ಮೇಲೆ ದಪ್ಪ ಕಲ್ಲು, ಕಲ್ಲಿನ ಮೇಲೆ ಜಲ್ಲಿ, ಆಮೇಲೆ ಹೊಳೆಯ ದಪ್ಪ ಮರಳು. ಕಲ್ಲಿನ ನಡುವೆ ಸುಟ್ಟ ಮಣ್ಣಿನ ಕೊಳವೆ ಹೂತು ಅದರ ಬಾಯನ್ನು ಬಸಿಗಾಲುವೆಗೆ ಬಿಟ್ಟರು. ಹೊಂಬಾಳಮ್ಮ ಇಪ್ಪತ್ತು ಬಿಂದಿಗೆ ನೀರು ಸುರಿದಳು. ಮರಳು ಗುಟುಕ್ಕನೆ ಕುಡಿಯಿತು, ಆಚೆ ಕೊಳವೆಯಿಂದ ತಿಳಿನೀರು ಸುರಿಯಿತು. ಮಾದಯ್ಯ ನಕ್ಕ. ಯಾರನ್ನೂ ಬಯ್ಯದೆ, ಬಡಿಯದೆ ನೀರು ತನ್ನ ಮಾತು ಕೇಳಿದ್ದು ಅದೇ ಮೊದಲು.

ಮೇಲಿನ ಎಣ್ಣೆ ಮರಳು ಹಾಸಿದ ದಿನದಿಂದ ಅಂಕಯ್ಯ ಬರತೊಡಗಿದ. ಎಣ್ಣೆ ನೀರು ಬಸಿಗಾಲುವೆಯಿಂದ ತನ್ನ ಗದ್ದೆಗೆ ಇಳಿದರೆ ಪೈರು ಸಾಯುತ್ತದೆ ಅನ್ನುವುದು ಅವನ ತಕರಾರು. ಅದರಲ್ಲಿ ಸತ್ಯವಿಲ್ಲದೇ ಇರಲಿಲ್ಲ. ಆದರೆ ಆ ಬಡ್ಡಿಮಗ ಪೈರಿನ ಚಿಂತೆಗೆ ಬಂದವನಲ್ಲ. ಮಾದಯ್ಯ ಒಂದೇ ಒಂದು ಸಲ ಕೈ ಎತ್ತಲಿ ಅಂತ ಬಂದವನು. ಮೊದಲ ದಿನ ನುಣ್ಣಗಿದ್ದ ನೆಲದ ಮೇಲೆ ಕೆಸರು ಎರಚಿದ. ಎರಡನೇ ದಿನ ಮಾದಯ್ಯನ ಸತ್ತ ತಾಯಿಯನ್ನು ಬೀದಿಗೆಳೆದು ಬಯ್ದ. ಮೂರನೇ ದಿನ ವೆಂಕಟರಾಮಯ್ಯನವರ ಎದುರಿಗೇ ಮಾದಯ್ಯನ ಕೆನ್ನೆಗೆ ಬಾರಿಸಿದ.

"ಎತ್ಲಾ ಕೈಯ. ಮುಚ್ಚಳ್ಕೆ ಮುಗಿಯಾಕೆ ಇನ್ನ ಅನ್ನೊಂದು ದಿನ ಅದೆ ಕಣ್ಲಾ."

ಮಾದಯ್ಯ ಎರಡೂ ಕೈಯನ್ನು ಪಟಾಪಟಿ ಚಡ್ಡಿಯ ಜೇಬಿಗೆ ತುರುಕಿ ನಿಂತ. ಮನಸ್ಸಿನಲ್ಲಿ ಅಂಕಯ್ಯನನ್ನು ಏಳು ಸಲ ಕೊಂದ. ಮನಸ್ಸಿನಲ್ಲಿ ಕೊಂದರೆ ಮುಚ್ಚಳಿಕೆ ಮುರಿಯುವುದಿಲ್ಲವಲ್ಲ. ವೆಂಕಟರಾಮಯ್ಯನವರು ಇದೆಲ್ಲ ಸರಿಯಲ್ಲ, ಸರಿಯಲ್ಲ ಎನ್ನುತ್ತ ಒಳಗೆ ಹೋಗಿ ಚಿಲಕ ಹಾಕಿಕೊಂಡರು.

ಮುಚ್ಚಳಿಕೆಗೆ ಇನ್ನು ನಾಲ್ಕು ದಿನವಿರುವಾಗ ಮಟಮಟ ಮಧ್ಯಾಹ್ನವೇ ಮಳೆ ಕವಿದು ಹುಯ್ಯಿತು. ನೋಡುನೋಡುತ್ತ ಬ್ರೌನಿನ ಮೇಲೆ ನೀರು ನಿಂತಿತು, ಎಣ್ಣೆ ತೇಲಿತು, ಒಂದು ಪಕ್ಕದ ಮರಳು ಕುಸಿಯಿತು. ಮಾದಯ್ಯ ಬೇಲಿ ಹಾರಿ ಬಸಿಗಾಲುವೆಗೆ ಇಳಿದ. ಕೊಳವೆಯ ಬಾಯಿಗೆ ಗೋಣಿತಾಟು ತುರುಕಿ ಕಲ್ಲು ಜಡಿದಿದ್ದರು. ಅವನು ಬಗ್ಗಿ ಕಲ್ಲು ಕಿತ್ತು ಬಲಗೈಯಿಂದ ತಾಟನ್ನು ಎಳೆಯುತ್ತಿದ್ದಾಗ ಮೇಲೆ ಅಂಕಯ್ಯ ಬಂದು ನಿಂತ. ಕಾಲುವೆ ಏರಿಯ ಚಪ್ಪಡಿ ಕಲ್ಲೊಂದನ್ನು ಒದ್ದು ಆ ಕೈಯ ಮೇಲೆ ಕೆಡವಿದ. ಬೆರಳುಗಳು ಲಟಲಟ ಎಂದವು. ಮಾದಯ್ಯ ಎಡಗೈಯಿಂದ ಕಲ್ಲು ಸರಿಸಿ, ಜಜ್ಜಿದ ಕೈಯನ್ನು ಎದೆಗೆ ಒತ್ತಿಕೊಂಡು ಕೆಸರಿನಲ್ಲಿ ಕೂತುಬಿಟ್ಟ. ಅಂಕಯ್ಯ ಇಳಿದು ಬಂದು ಅವನ ಬೆನ್ನಿಗೆ, ಪಕ್ಕೆಗೆ, ಮುಖಕ್ಕೆ ಒದೆಯತೊಡಗಿದ. ಬಾಯಿಂದ ರಕ್ತ ಬಂದರೂ ಮಾದಯ್ಯ ಎಡಗೈಯನ್ನು ಕೂಡ ಮೇಲೆತ್ತಲಿಲ್ಲ.

ಹೊಂಬಾಳಮ್ಮ ಬೇಲಿಯನ್ನು ಹಾರಲಿಲ್ಲ, ತುಳಿದುಕೊಂಡೇ ಬಂದಳು. ಕೈಯಲ್ಲಿ ಗುದ್ದಲಿ ಇತ್ತು. ಗುದ್ದಲಿಯ ಬೆನ್ನಿನಿಂದ ಅಂಕಯ್ಯನ ಮೊಣಕಾಲಿಗೆ ಬಿಟ್ಟಳು. ಅವನು ಬಿದ್ದ. ಬಿದ್ದವನ ದವಡೆಗೆ ಇನ್ನೊಂದು ಕೊಟ್ಟಳು. ಮೂರನೆಯದಕ್ಕೆ ಎತ್ತಿದಾಗ ಮಾದಯ್ಯ ಅವಳ ಕಾಲು ಹಿಡಿದುಕೊಂಡ.

"ಮುಚ್ಚಳ್ಕೆ ಬರ್ಕೊಟ್ಟಿರೋನು ನೀನು," ಎಂದಳು ಏದುಸಿರು ಬಿಡುತ್ತ. "ನಾನಲ್ಲ ಕಣಪ್ಪ."

ಮಳೆಯಲ್ಲೇ ಜನ ಸೇರಿದರು. ಯಾರು ಹೊಡೆದರು ಅಂತ ಒಬ್ಬನೂ ಕೇಳಲಿಲ್ಲ. ಎಲ್ಲರ ಕಣ್ಣೂ ನೆಟ್ಟಗೆ ಮಾದಯ್ಯನ ಮೇಲೆ ಬಿತ್ತು. ಒದೆ ತಿಂದಾಗ ಆಗದ ನೋವು ಅವನಿಗೆ ಈಗ ಆಯಿತು. ವರ್ಷವಿಡೀ ಹಲ್ಲು ಕಚ್ಚಿ ಕೈ ತಡೆದದ್ದು ಇವರ ಕಣ್ಣಿಗೆ ಬಿದ್ದೇ ಇರಲಿಲ್ಲ. ಅಂಕಯ್ಯ ಒಮ್ಮೆ ಹೊಂಬಾಳಮ್ಮನನ್ನು ನೋಡಿದ, ಒಮ್ಮೆ ಸುತ್ತ ನಿಂತ ಗಂಡಸರನ್ನು ನೋಡಿದ. ಹೆಂಗಸಿನ ಕೈಲಿ ಹೊಡೆಸಿಕೊಂಡೆ ಅಂತ ಯಾವ ಬಾಯಲ್ಲಿ ಹೇಳಿಯಾನು? ಮುರಿದ ದವಡೆಯಲ್ಲೇ ಮಾದಯ್ಯನ ಹೆಸರು ಹೇಳಿದ.

ಹೆಂಡತಿ ಠಾಣೆಯ ಮೆಟ್ಟಿಲು ಹತ್ತುವುದನ್ನು ಮಾದಯ್ಯ ಕಣ್ಣಾರೆ ನೋಡಲಾರ. "ಊಂ, ನಾನೇ ವಡ್ದಿದ್ದು," ಎಂದ. ಇಬ್ಬರು ಹಗೆಗಳು ಹುಟ್ಟಿದಾಗಿನಿಂದ ಒಪ್ಪಿಕೊಂಡದ್ದು ಅದೊಂದೇ ಮಾತು. ವೆಂಕಟರಾಮಯ್ಯನವರು ತಾವು ಒಳಗಿದ್ದುದರಿಂದ ಏನೂ ಕಾಣಲಿಲ್ಲವೆಂದರು.

ಅವನು ಬೇಡವೆಂದರೂ ಹೊಂಬಾಳಮ್ಮ ಠಾಣೆಗೆ ಬಂದಳು. ಹೊಡೆದವಳು ತಾನು, ತನ್ನನ್ನು ಒಳಗೆ ಹಾಕಿ ಎಂದು ಕಂಡ ಕಂಡ ಪೇದೆಗೆಲ್ಲ ಹೇಳಿದಳು. ಗಂಡನನ್ನು ಬಿಡಿಸಲು ಎಲ್ಲ ಹೆಂಗಸರೂ ಹೇಳುವ ಸುಳ್ಳು ಅಂತ ಅವರು ನಕ್ಕರು. ಬರೆಯುವ ಪೇದೆ ಹೇಳಿಕೆ ಮುಗಿಸಿ ಮಾದಯ್ಯನ ಕಡೆಗೆ ಕಾಗದ ತಳ್ಳಿದ. ಮಾದಯ್ಯನ ಬಲಗೈ ಮೊಣಕೈವರೆಗೆ ಬಾತು ಕಪ್ಪಗಾಗಿತ್ತು. ಒಂದು ಬೆರಳೂ ಮಡಿಸಲು ಬರುತ್ತಿರಲಿಲ್ಲ.

"ಆ ಕೈನಾರ ನೋಡಪ್ಪ," ಎಂದಳು ಹೊಂಬಾಳಮ್ಮ. "ಆ ಕೈಲಿ ಗುದ್ಲಿ ಹಿಡಿಯಾಕಾದಾತಾ?"

ಪೇದೆ ನೋಡಿದ. ನೋಡಿ, ಹೆಬ್ಬೆಟ್ಟು ಒತ್ತಲು ಎಡಗೈ ಸಾಕು ಎಂದು ಹೇಳಿ ಮಸಿಯ ಡಬ್ಬಿಯ ಮುಚ್ಚಳ ತೆಗೆದ.