ಕಂಬವಿಲ್ಲದ ದೀಪ

ಬೀದಿದೀಪ ಕಚೇರಿಯ ದೂರು ವಿಭಾಗದಲ್ಲಿ ಮೂರು ವರ್ಷದಿಂದ ತಾತ್ಕಾಲಿಕವಾಗಿ ದುಡಿಯುತ್ತಿದ್ದ ಗುಮಾಸ್ತೆಯನ್ನು ಖಾಯಂ ಮಾಡುವ ಆದೇಶ ಕೊನೆಗೂ ಟೈಪಾಗಿ ಸೂಪರಿಂಟೆಂಡೆಂಟರ ಮೇಜಿನ ಖಾನೆ ಸೇರಿತ್ತು. ಬಾಕಿ ಇದ್ದದ್ದು ಸಹಿ ಮಾತ್ರ. ಅವಳ ಅಮ್ಮ ಆಗಲೇ ನೆಂಟರಿಷ್ಟರಿಗೆಲ್ಲ ಸುದ್ದಿ ಹಂಚಿದ್ದಳು, ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ ಹಾಗೆ. ಆದರೆ ಮುಂದಿನ ಸೋಮವಾರಕ್ಕೆ ಅವಳ ಕಡತದಲ್ಲಿ ಒಂದು ದೂರೂ ಉಳಿದಿರಬಾರದು ಎಂಬ ಷರತ್ತಿತ್ತು. ಒಂದು ಉಳಿದಿತ್ತು.

“ನೀರಿನ ಟ್ಯಾಂಕಿನ ಮೇಲೆ ಬೆಳಿಗ್ಗೆ ಒಂಬತ್ತಕ್ಕೂ ದೀಪ ಉರಿಯುತ್ತಿದೆ. ಆರಿಸತಕ್ಕದ್ದು.” ಬರೆದವಳು ಟ್ಯಾಂಕಿನೆದುರು ಮೂರನೇ ಮಹಡಿಯಲ್ಲಿ ಬಟ್ಟೆ ಹೊಲಿಯುವ ಮುದುಕಿ. ಬೀದಿಗೆಲ್ಲ ಆಕೆ ಟೈಲರಮ್ಮ.

ಏಣಿ ಹೊತ್ತು ಹೋಗಿದ್ದ ಲೈನ್‌ಮನ್ ತಲೆ ಕೆರೆಯುತ್ತ ವಾಪಸು ಬಂದ.

“ದೀಪ ಇದೆ ಮೇಡಂ. ಕಂಬ ಇಲ್ಲ.”

“ಕಂಬ ಇಲ್ದೆ ದೀಪ ಹೇಗಪ್ಪ ಇರುತ್ತೆ?”

“ಅದು ಚಂದ್ರ. ಅರ್ಧ ಇದಾನೆ.”

“ಹಾಗಂತಲೇ ವರದೀಲಿ ಬರೀಬೇಕಿತ್ತು!”

“ಎಲ್ಲಿ ಬರೀಲಿ? ಕಂಬದ ನಂಬರ್ ಹಾಕ್ದಿದ್ರೆ ಕಂಪ್ಯೂಟರ್ ಮುಂದಕ್ಕೇ ಹೋಗಲ್ಲ. ಅದಕ್ಕೇ ಒಂದು ಹೊಸ ನಂಬರ್ ಕೊಟ್ಬಿಟ್ಟೆ. ನಾಲ್ಕು ಸಾವಿರದ ನಾನೂರ ಹದಿನೇಳು.”

ಒಮ್ಮೆ ನಂಬರು ಬಿದ್ದ ಕಂಬವನ್ನು ಪಟ್ಟಿಯಿಂದ ತೆಗೆಯಬೇಕಾದರೆ ಅದನ್ನು ಕಿತ್ತು ತಂದು, ಉಗ್ರಾಣಕ್ಕೆ ಒಪ್ಪಿಸಿ, ರಸೀದಿ ಪಡೆಯಬೇಕು. ನಿಯಮ ಅವಳಿಗೆ ಬಾಯಿಪಾಠವಾಗಿತ್ತು. ಸೂಪರಿಂಟೆಂಡೆಂಟರಿಗೆ ಅದು ಉಸಿರೇ ಆಗಿತ್ತು.

“ಕಿತ್ತು ತರೋಕಾಗಲ್ಲ ಅಂತೀರ,” ಎಂದು ಅವರು ಕನ್ನಡಕ ಒರೆಸಿಕೊಂಡರು. “ಹೋಗಲಿ, ದೂರು ಕೊಟ್ಟೋರಿಂದ ದೀಪ ಆರಿದೆ ಅಂತ ಸಹಿಯಾದ್ರೂ ತನ್ನಿ.”

ಮಧ್ಯಾಹ್ನವೇ ಗುಮಾಸ್ತೆ ಮೂರು ಮಹಡಿ ಹತ್ತಿದಳು. ಟೈಲರಮ್ಮ ಬಾಯಲ್ಲಿದ್ದ ಗುಂಡುಸೂಜಿಗಳನ್ನು ತೆಗೆಯದೆಯೇ ಮಾತಾಡಿದಳು.

“ಚಂದ್ರ ರಾತ್ರಿ ಬರೋನು ಕಣೆ. ನಂಗೆ ಎಪ್ಪತ್ತೆರಡು. ನೀನು ನಂಗೆ ಚಂದ್ರನ್ನ ತೋರಿಸ್ತೀಯಾ?”

“ತೋರಿಸ್ತೀನಿ ಅಜ್ಜಿ. ಇಲ್ನೋಡಿ, ನಿಮ್ಮ ಮೆಷಿನ್ನಿನ ಬಲ್ಬೇ ಸೂರ್ಯ. ಈ ಬಿಳಿ ದಾರದ ಉಂಡೆ ಚಂದ್ರ. ನಿಮ್ಮ ತಲೆ ಭೂಮಿ.”

“ನನ್ನ ತಲೆ ಯಾಕೆ?”

“ಅಲ್ಲಿಂದ ತಾನೆ ನೋಡೋದು?”

ಮುದುಕಿ ಸ್ಟೂಲಿನ ಮೇಲೆ ಕೂತು, ಉಂಡೆಯನ್ನು ಚಾಚಿ ಹಿಡಿದು ಮೆಲ್ಲಗೆ ಸುತ್ತ ತಿರುಗಿದಳು. ಬಲ್ಬಿನ ಕಡೆ ಹಿಡಿದಾಗ ಉಂಡೆಯ ಇತ್ತಲ ಬದಿ ಕತ್ತಲು. ಪಕ್ಕಕ್ಕೆ ತಂದಾಗ ಅರ್ಧ ಬೆಳಕು. ಬಲ್ಬಿಗೆ ಬೆನ್ನು ಹಾಕಿ ಮೇಲೆತ್ತಿದಾಗ ಪೂರ್ತಿ ಬೆಳ್ಳಗೆ.

“ಪೂರ್ತಿ ಇದ್ದಾಗ ಸೂರ್ಯನ ಎದುರು ದಿಕ್ಕಲ್ಲಿರ್ತಾನೆ. ಸೂರ್ಯ ಮುಳುಗಿದರೆ ಚಂದ್ರ ಹುಟ್ಟುತ್ತಾನೆ, ಅದಕ್ಕೆ ರಾತ್ರಿಯೆಲ್ಲ ಕಾಣ್ತಾನೆ,” ಎಂದಳು ಗುಮಾಸ್ತೆ, ಒಂದೊಂದು ಮಾತನ್ನೂ ತೂಗುತ್ತ. “ನಮಗೆ ನೆನಪಿರೋದು ಅದೊಂದೇ. ಮಿಕ್ಕ ದಿನ ಹಗಲೂ ಬರ್ತಾನೆ. ಸೂರ್ಯನ ತೀರ ಹತ್ತಿರ ಇಲ್ದಿದ್ರೆ ನೀಲಿ ಆಕಾಶದಲ್ಲೂ ಕಾಣುವಷ್ಟು ಹೊಳಪು ಅವನಿಗಿದೆ.”

ಟೈಲರಮ್ಮ ಉಂಡೆ ಹಿಡಿದು ಇನ್ನೆರಡು ಸುತ್ತು ತಿರುಗಿದಳು. ಮುಖ ಅರಳಿತು.

“ಸರಿ, ಚಂದ್ರನೇ ಅಂತಿಟ್ಕೊ. ಹಗಲು ಅವನನ್ನ ಆರಿಸೋರು ಯಾರು?”

“ಯಾರೂ ಇಲ್ಲ ಅಜ್ಜಿ.”

“ಅದೇ ನನ್ನ ದೂರು!” ಎಂದು ಮುದುಕಿ ಪೆಡಲು ತುಳಿದಳು. “ಆರಿದ ದಿನ ಬಾ, ಸಹಿ ಹಾಕ್ತೀನಿ.”

ಹಾಗಾಗಿ ಗುಮಾಸ್ತೆ ಕಾದಳು. ದಿನಾ ಬೆಳಿಗ್ಗೆ ಬಸ್ಸಿಗೆ ನಿಂತಾಗ, ಬಸ್ಸಿನ ಕಿಟಕಿಯಿಂದ, ಕಚೇರಿಯ ಮೆಟ್ಟಿಲ ಮೇಲೆ, ಹೀಗೆ ಮೂರು ಸಲ ಆಕಾಶ ನೋಡಿದಳು. ಚಂದ್ರ ದಿನಕ್ಕೊಂದು ಗೇಣು ಸೂರ್ಯನ ಕಡೆ ಸರಿಯುತ್ತ, ಸರಿದಷ್ಟೂ ಸೊರಗುತ್ತ ಹೋದ. ಶುಕ್ರವಾರ ಉಗುರಿನಷ್ಟಿದ್ದ. ಸೋಮವಾರ ಇರಲಿಲ್ಲ. ಟೈಲರಮ್ಮ ಕಿಟಕಿಯಿಂದ ಅರ್ಧ ದೇಹ ಹೊರಹಾಕಿ ಹುಡುಕಿದಳು. ಸಿಗದೆ, “ಕೆಲಸ ಅಂದ್ರೆ ಇದು!” ಎಂದು ಸಹಿ ಜಡಿದಳು.

ಕಾಗದ ಹಿಡಿದು ಗುಮಾಸ್ತೆ ಓಡಿದಳು. ಸೂಪರಿಂಟೆಂಡೆಂಟರು ಅದನ್ನು ಎರಡು ಬಾರಿ ಓದಿ, ಕಂಪ್ಯೂಟರಿನತ್ತ ಬೆರಳು ತೋರಿಸಿದರು.

“ನೀವು ಆರಿಸಿದ್ದು ಸರಿ. ಆದ್ರೆ ನಿನ್ನೆ ರಾತ್ರೀನೂ ಉರಿದಿಲ್ಲವಲ್ಲ? ನಂಬರ್ ಇರೋ ಕಂಬ, ಉರೀಲೇಬೇಕು. ಇದು ಕೆಟ್ಟ ದೀಪ. ಹೊಸ ದೂರು.”

“ಸಾರ್, ಅದು ಕೆಟ್ಟಿಲ್ಲ. ಬೆಳಕು ಬಿದ್ದ ಬದಿ ಸೂರ್ಯನ ಕಡೆಗಿದೆ. ನಮ್ಮ ಕಡೆಗಿರೋದು ಕತ್ತಲ ಬದಿ.”

“ಯಾವಾಗ ಹತ್ತುತ್ತೆ? ಬರೆದು ಕೊಡಿ. ಹೇಳಿದ ಹೊತ್ತಿಗೆ ಹತ್ತಿದ್ರೆ ನಿಮ್ಮ ಆದೇಶಕ್ಕೆ ಸಹಿ. ಇಲ್ಲಾಂದ್ರೆ ಆ ಜಾಗಕ್ಕೆ ಬೇರೆಯವರು.”

ಅವಳು ಬರೆದಳು: “ಬುಧವಾರ ಸಂಜೆ ಆರೂ ಮುಕ್ಕಾಲಿಗೆ, ಸೂರ್ಯ ಮುಳುಗಿದ ದಿಕ್ಕಿನಲ್ಲಿ, ತೆಳ್ಳಗೆ.” ಬರೆದಾದ ಮೇಲೆ “ತೆಳ್ಳಗೆ” ಎಂಬುದರ ಕೆಳಗೆ ಗೆರೆ ಎಳೆದಳು. ದಪ್ಪಗೆ ಬರಲಿಲ್ಲವೆಂದು ನಾಳೆ ಯಾರೂ ಆಡಬಾರದು.

ಬುಧವಾರ ಸಂಜೆ ಕಚೇರಿಗೆ ಕಚೇರಿಯೇ ತಾರಸಿ ಹತ್ತಿತು. ಸೂಪರಿಂಟೆಂಡೆಂಟರ ಒಂದು ಕೈಯಲ್ಲಿ ಆದೇಶ, ಇನ್ನೊಂದರಲ್ಲಿ ಗಡಿಯಾರ. ಸೂರ್ಯ ಮುಳುಗಿದ. ಆರೂ ಮುಕ್ಕಾಲಾಯಿತು. ಪಶ್ಚಿಮದಲ್ಲಿ ಹಳೆ ಹತ್ತಿಯಂತಹ ಮೋಡವೊಂದು ಬಿದ್ದುಕೊಂಡಿತ್ತು, ಅಷ್ಟೇ. ಚಂದ್ರ ಎಲ್ಲಿಗೂ ಹೋಗಲಾರ ಎಂಬುದು ಗುಮಾಸ್ತೆಗೆ ಗೊತ್ತಿತ್ತು. ಗೊತ್ತಿದ್ದೂ ತುದಿಗಾಲಲ್ಲಿ ನಿಂತು ಮೋಡದಾಚೆ ಇಣುಕಿದಳು.

“ಸಪ್ಲೈ ಇಲ್ವೇನೋ,” ಎಂದ ಲೈನ್‌ಮನ್.

“ನೀನು ಸುಮ್ನಿರಪ್ಪ!”

ಮೋಡ ಮೈಮುರಿದು ಪಕ್ಕಕ್ಕೆ ಹೊರಳಿತು. ಅದರ ಹಿಂದೆ ಕೂದಲೆಳೆಯಷ್ಟು ಬೆಳ್ಳಗೆ ಚಂದ್ರ.

“ಆರು ನಲವತ್ತೊಂಬತ್ತು,” ಎಂದರು ಸೂಪರಿಂಟೆಂಡೆಂಟರು. “ನಾಲ್ಕು ನಿಮಿಷ ಲೇಟು.”

“ಮೋಡ ಅಡ್ಡ ಬಂತು ಸಾರ್.”

ಅವರು ಹುಬ್ಬು ಗಂಟಿಕ್ಕಿ ಯೋಚಿಸಿದರು. ಆಮೇಲೆ ಅವರ ಮುಖದಲ್ಲಿ, ಆ ಮೂರು ವರ್ಷಗಳಲ್ಲಿ ಅವಳು ಎಂದೂ ಕಾಣದ ನೆಮ್ಮದಿಯೊಂದು ಮೂಡಿತು.

“ಮೋಡ ನಮ್ಮ ವಿಭಾಗ ಅಲ್ಲ,” ಎನ್ನುತ್ತ ಅವರು ತಾರಸಿಯ ಕಟ್ಟೆಯ ಮೇಲೆಯೇ ಆದೇಶವನ್ನಿಟ್ಟು ಸಹಿ ಹಾಕಿದರು. ಸಹಿಯ ಪಕ್ಕದಲ್ಲಿ ಇನ್ನೇನೋ ಬರೆದರು.

ಗುಮಾಸ್ತೆ ಮಬ್ಬು ಬೆಳಕಿನಲ್ಲಿ ಕಾಗದವನ್ನು ಕಣ್ಣಿಗೆ ಹತ್ತಿರ ಹಿಡಿದು ಓದಿದಳು. ಖಾಯಂ ಎಂದಿತ್ತು. ಅದರ ಕೆಳಗೆ ಕೈಬರಹದಲ್ಲಿ, “ಕಂಬ ೪೪೧೭ರ ಸಂಪೂರ್ಣ ಹೊಣೆ ಸೇರಿದಂತೆ.”

ಅವಳು ಗಾಬರಿಯಿಂದ ತಲೆಯೆತ್ತಿ, ಉರಿಯುತ್ತಿದೆಯೇ ಎಂದು ನೋಡಿದಳು.